ಮೂರನೆಯದು ಖಾಲಿ

ಸುಧಾರಾಣಿಯ ಹಾಡಿನ ಕ್ಲಾಸಿನಲ್ಲಿ ಹಾಡೇ ಇರಲಿಲ್ಲ. ಗದಿಗೆವ್ವನ ತಕರಾರು ಶುರುವಾದದ್ದೇ ಅಲ್ಲಿಂದ.

"ಹಾಡಿನ ಕ್ಲಾಸಂದ್ರ ಹಾಡಬೇಕೋ ಬ್ಯಾಡೋ? ಸಂಜಿ ಆತಂದ್ರ ಮ್ಯಾಳಗಿ ಹತ್ತಿ, ಕಿವ್ಯಾಗ ವೈರ್ ಸಿಗಸ್ಕೊಂಡು ಗೋಣು ಹಾಕ್ಕೋತ ಕುಂದರ್ತಾಳ. ಒಂದ ದಿನಾರ 'ಸಾ' ಅಂದದ್ದು ನಾ ಕೇಳಿಲ್ಲ."

"ಅದು ಶಾಸ್ತ್ರದ ಕ್ಲಾಸ್ ಬೇ," ಎಂದ ಮಗ ವಿಜಯಮಹಾಂತೇಶ, ರೊಟ್ಟಿ ಮುರಿಯುತ್ತ.

"ಶಾಸ್ತ್ರ ಹೇಳಾಕ ಓಣ್ಯಾಗ ಬುಡಬುಡಕ್ಯಾವ ಬರ್ತಾನಲ್ಲೋ. ಅದಕ್ಕ ಫೋನ್ ಯಾಕ ಬೇಕು?"

ಅತ್ತೆಗೆ ವಿವರಿಸುವ ಗೋಜಿಗೆ ಸುಧಾರಾಣಿ ಹೋಗಲಿಲ್ಲ. ಸಂಗೀತ ಪರೀಕ್ಷೆಯಲ್ಲಿ ಹಾಡುವುದು ಒಂದು ಪೇಪರಾದರೆ, ರಾಗ ಎಂದರೇನು, ತಾಳ ಎಂದರೇನು ಎಂದು ಬರೆಯುವುದು ಇನ್ನೊಂದು. ಹಾಡುವುದರಲ್ಲಿ ಅವಳು ಒಳ್ಳೆಯ ಅಂಕ ತೆಗೆದಿದ್ದಳು, ಬರೆಯುವುದರಲ್ಲಿ ಡುಮ್ಕಿ ಹೊಡೆದಿದ್ದಳು. ಪಾಸಾದರೆ ರಾಣೇಬೆನ್ನೂರಿನ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಆಗಿ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಶಾಸ್ತ್ರ ಹೇಳಿಕೊಡುವವರು ಊರಿನಲ್ಲಿ ಸಿಗದೆ, ಹಾವೇರಿಯ ತೌಹೀದ ಸರ್ ಎಂಬವರ ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡಿದ್ದಳು. ಮನೆಯೊಳಗೆ ನೆಟ್‌ವರ್ಕ್ ಬರುತ್ತಿರಲಿಲ್ಲ. ಮಾಳಿಗೆಯ ಮೇಲೆ ಬರುತ್ತಿತ್ತು, ಆದರೆ ಅಲ್ಲಿ ಒಣಹಾಕಿದ ಮೆಣಸಿನಕಾಯಿಯ ಘಾಟು. ಹೀಗಾಗಿ ಅರ್ಧ ಕ್ಲಾಸು ಕೆಮ್ಮುವುದರಲ್ಲೇ ಕಳೆಯುತ್ತಿತ್ತು.

ಬ್ಯಾಡಗಿಯ ಆ ಮನೆಯಲ್ಲಿ ಇದ್ದವರು ನಾಲ್ಕೇ ಜನ. ಯಜಮಾನಿ ಗದಿಗೆವ್ವ. ಖಾರಪುಡಿ ಗಿರಣಿ ನೋಡಿಕೊಳ್ಳುವ ಕಿರಿಯ ಮಗ ವಿಜಯಮಹಾಂತೇಶ. ಅವನ ಹೆಂಡತಿ ಸುಧಾರಾಣಿ. ಮತ್ತೆ ಫಕ್ಕೀರವ್ವ.

ಫಕ್ಕೀರವ್ವ ಗದಿಗೆವ್ವನ ನಾಲ್ಕು ಮಕ್ಕಳಲ್ಲಿ ಮೂರನೆಯವಳು. ಹಿರಿಯವಳು ಕರಿಯವ್ವ ರಾಣೇಬೆನ್ನೂರಿಗೆ ಸೊಸೆಯಾಗಿ ಹೋಗಿದ್ದಳು. ಎರಡನೆಯವ ಅಜ್ಜಪ್ಪ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟು, ಹೆಂಡತಿಯೊಡನೆ ಬೇರೆ ಮನೆ ಮಾಡಿದ್ದ. ಫಕ್ಕೀರವ್ವನಿಗೆ ಮಾತ್ರ ಮದುವೆಯಾಗಲಿಲ್ಲ. ಗಂಡು ನೋಡುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದ. ಅವನ ಆರೈಕೆ ಮುಗಿಯುವ ಹೊತ್ತಿಗೆ ಮದುವೆಯ ಮಾತೇ ಹಳಸಿತ್ತು. ಅಂದಿನಿಂದ ಈ ಮನೆಯ ಒಲೆ ಅವಳದು. ಎಲ್ಲರಿಗೂ ಬಡಿಸಿ, ಕೊನೆಗೆ ಬುಟ್ಟಿಯಲ್ಲಿ ಉಳಿದದ್ದನ್ನು ಒಲೆಯ ಮುಂದೆಯೇ ಕುಳಿತು ತಿನ್ನುವುದು ಅವಳ ರೂಢಿ. ಅವಳೂ ಪಂಕ್ತಿಯಲ್ಲಿ ಕೂರಲಿ ಎಂದು ಯಾರೂ ಹೇಳಲಿಲ್ಲ, ಅವಳೂ ಕೂರಲಿಲ್ಲ.

ಸಂಜೆಯ ರೊಟ್ಟಿ ಸುಧಾರಾಣಿಯ ಪಾಳಿ. ಕ್ಲಾಸು ಶುರುವಾದ ಮೇಲೆ ಅದನ್ನೂ ಫಕ್ಕೀರವ್ವನೇ ವಹಿಸಿಕೊಂಡಳು.

"ಅಕ್ಕಾರ, ನಿಮಗ ಭಾಳ ತ್ರಾಸ್ ಆಗಾಕತ್ತೈತ್ರಿ," ಎಂದಳು ಸುಧಾರಾಣಿ ಮೊದಲ ದಿನ.

"ನೀ ಹೋಗ್ ಲಗೂ, ನಿನ್ನ ಸರ್ ಬಂದಿರ್ತಾರ. ಹಿಟ್ಟು ನಾದೋದೇನು ನನಗ ಹೊಸಾದಾ?"

ಒಟ್ಟಿನಲ್ಲಿ ನಾದಿನಿಗೂ ತಮ್ಮನ ಹೆಂಡತಿಗೂ ಜಗಳವೆಂಬುದೇ ಇರಲಿಲ್ಲ. ಹಾಗಿದ್ದ ಮನೆಯಲ್ಲಿ ಬೆಂಕಿ ಬಿದ್ದದ್ದು ಒಂದು ಸಂಜೆ ಮಾಳಿಗೆಯ ಮೇಲೆ.

ಅದಕ್ಕೆ ಮುಂಚಿನ ಒಂದು ಮಾತು ಹೇಳಬೇಕು. ಸಂಕ್ರಾಂತಿಯ ದಿನ ಮಕ್ಕಳೆಲ್ಲ ಸೇರಿದ್ದಾಗ ಗದಿಗೆವ್ವ, "ನಾ ಗಟ್ಟಿ ಇರೋದ್ರಾಗ ಮನಿ, ಗಿರಣಿ ಎಲ್ಲಾ ವಿಭಾಗ ಮಾಡಿಬಿಡ್ತೇನಿ. ಆಮ್ಯಾಲೆ ನೀವು ಬಡದಾಡೂದು ಬ್ಯಾಡ," ಎಂದಿದ್ದಳು. ಎಷ್ಟು ಪಾಲು, ಯಾರಿಗೆ ಎಂದು ಹೇಳಲಿಲ್ಲ. ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅಂದಿನಿಂದ ಫಕ್ಕೀರವ್ವನಿಗೆ ಆ 'ವಿಭಾಗ' ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಮರೆಯುತ್ತಿತ್ತು. ಅಣ್ಣನಿಗೆ ಸಂಸಾರವಿದೆ, ತಮ್ಮನಿಗಿದೆ, ಅಕ್ಕನಿಗಿದೆ. ಮನೆ ಹಂಚಿದ ಮೇಲೆ ತನ್ನ ಟ್ರಂಕನ್ನು ಯಾರ ಮನೆಯ ಯಾವ ಮೂಲೆಯಲ್ಲಿ ಇಡುವುದು? ಅವಳಿಗಿದ್ದ ಚಿಂತೆ ಇದೊಂದೇ.

ಆ ಸಂಜೆ ಮೋಡ ಕವಿಯಿತೆಂದು ಮೆಣಸಿನಕಾಯಿ ಬಳಿದು ಚೀಲಕ್ಕೆ ತುಂಬಲು ಅವಳು ಮಾಳಿಗೆ ಹತ್ತಿದಳು. ಸುಧಾರಾಣಿ ಆ ಕಡೆ ಮುಖ ಮಾಡಿ, ನೆಟ್‌ವರ್ಕಿಗಾಗಿ ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದು ನಿಂತಿದ್ದಳು. ಅತ್ತ ಕಡೆಯವರ ಮಾತು ಅವಳ ಕಿವಿಯೊಳಗೆ. ಇತ್ತ ಕೇಳಿಸುತ್ತಿದ್ದುದು ಇವಳ ಮಾತಷ್ಟೇ.

"ಹೂಂ ಸರ್... ವಾದಿ ಬ್ಯಾರೆ, ಸಂವಾದಿ ಬ್ಯಾರೆ. ಗೊತ್ತಾತ್ರಿ... ಇದಾ? ಇದಕ್ಕ ನಾಲ್ಕು ವಿಭಾಗರಿ."

ಫಕ್ಕೀರವ್ವ ಮೆಟ್ಟಿಲ ಮೇಲೆಯೇ ನಿಂತಳು.

"ಒಂದನೇದಕ್ಕ ತಾಲಿ. ಎರಡನೇದಕ್ಕ ತಾಲಿ. ನಾಲ್ಕನೇದಕ್ಕೂ ತಾಲಿ ಐತ್ರಿ. ಮೂರನೇದು ಖಾಲಿ... ಹೌದ್ರಿ ಸರ್, ಮೂರನೇದು ಖಾಲಿ. ಅದಕ್ಕೇನಿಲ್ಲ, ಹಿಂಗ ಕೈ ಬೀಸಿಬಿಡೂದು."

ಬಿಡುವಾಗಿದ್ದ ಕೈಯನ್ನು ಸುಧಾರಾಣಿ ಗಾಳಿಯಲ್ಲಿ ಬೀಸಿದಳು, ನೊಣ ಓಡಿಸಿದ ಹಾಗೆ.

ಫಕ್ಕೀರವ್ವ ಮೆಣಸಿನಕಾಯಿ ಬಳಿಯಲಿಲ್ಲ. ಹಾಗೆಯೇ ಕೆಳಗಿಳಿದು ಬಂದಳು. ನಾಲ್ಕು ಮಕ್ಕಳು, ನಾಲ್ಕು ವಿಭಾಗ. ತಾಳಿ ಇದ್ದ ಸಂಸಾರಕ್ಕೆ ಪಾಲು, ತಾಳಿ ಇಲ್ಲದಾಕೆ ಖಾಲಿ. ಇದರಲ್ಲಿ ತಿಳಿಯದಿರುವಂಥದ್ದು ಏನಿತ್ತು? ಸುಧಾರಾಣಿಯ ಅಣ್ಣ ಚೇತನಕುಮಾರ ಹಾವೇರಿಯಲ್ಲಿ ವಕೀಲ. ಅವನ ಕಡೆಯ ಯಾರೋ ದೊಡ್ಡ ವಕೀಲರ ಹತ್ತಿರವೇ ಇವಳು ದಿನವೂ ಮಾತಾಡುತ್ತಿರಬೇಕು. ಹಾಡದ ಹಾಡಿನ ಕ್ಲಾಸಿನ ಗುಟ್ಟು ಹೀಗೆ ಬಯಲಾಯಿತು ಎಂದುಕೊಂಡಳು. ಆ ರಾತ್ರಿ ಬಿದ್ದ ಎರಡು ಹನಿಗೆ ಮೆಣಸಿನಕಾಯಿ ತೊಯ್ದಿತು. ಗದಿಗೆವ್ವ ಇಬ್ಬರನ್ನೂ ಬೈದಳು.

ಮರುದಿನ ಸಂಜೆ ಸುಧಾರಾಣಿ ಫೋನು ಹಿಡಿದು ಮೆಟ್ಟಿಲ ಕಡೆ ಹೊರಟಾಗ ಫಕ್ಕೀರವ್ವ ಹಿಟ್ಟಿನ ಡಬ್ಬಿಯನ್ನು ಅವಳ ಮುಂದೆ ಕುಕ್ಕಿದಳು.

"ನಿನ್ನ ಪಾಳಿ ರೊಟ್ಟಿ ನೀನ ಬಡಿ."

"ಯಾಕ್ರಿ ಅಕ್ಕಾರ, ಮೈಯಾಗ ಆರಾಮಿಲ್ಲೇನ್ರಿ?"

"ನಾ ಗಟ್ಟಿ ಅದೇನಿ. ಯಾರ ಮನ್ಯಾಗ ಎಷ್ಟು ದಿನಾ ರೊಟ್ಟಿ ಬಡೀಬೇಕೋ ಅಷ್ಟ ಬಡೀತೇನಿ."

ಸುಧಾರಾಣಿಗೆ ತಲೆಬುಡ ತಿಳಿಯಲಿಲ್ಲ. ಒಂದು ವಾರ ಕ್ಲಾಸು ತಪ್ಪಿತು. ವಿಜಯಮಹಾಂತೇಶನ ತಟ್ಟೆಗೆ ಒಂದು ಕಡೆ ಹಸಿ, ಒಂದು ಕಡೆ ಕರಕಲಾದ ರೊಟ್ಟಿ ಬೀಳತೊಡಗಿತು.

"ಅಕ್ಕಾ, ಇದೇನ್ ರೊಟ್ಟಿಯೋ ಹೆಂಚೋ?"

"ನಿನ್ನ ಹೇಣ್ತಿನ್ನ ಕೇಳಪಾ. ವಾದಿ ಸಂವಾದಿ ಎಲ್ಲಾ ಆಕಿಗೆ ಗೊತ್ತು."

"ಏನ್ ವಾದಿ?"

"ಏನಿಲ್ಲ. ಉಣ್ಣು ಸುಮ್ನ."

ಗಿರಣಿಯ ದುಡಿತದಲ್ಲಿ ದಣಿದು ಬಂದವನು ಹೆಂಗಸರ ನಡುವೆ ಬಾಯಿ ಹಾಕಿದರೆ ಆ ರೊಟ್ಟಿಯೂ ಹೋದೀತೆಂದು ಸುಮ್ಮನಾದ. ಗದಿಗೆವ್ವ ಮಾತ್ರ ಸುಮ್ಮನಾಗುವವಳಲ್ಲ. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಸೊಸೆಗೆ ಬೈದಳು, ಪಲ್ಯಕ್ಕೆ ಉಪ್ಪೇ ಇಲ್ಲದ್ದಕ್ಕೆ ಮಗಳಿಗೆ ಬೈದಳು. "ಎರಡೂ ಕೂಡಿಸಿ ಉಂಡ್ರ ಸರಿ ಆಕ್ಕೈತಿ," ಎಂದು ಕೂಡಿಸಿಯೇ ಉಂಡಳು.

ತಡೆಯಲಾರದೆ ಫಕ್ಕೀರವ್ವ ಒಂದು ಚೀಲ ಖಾರಪುಡಿ ಕೊಟ್ಟು ಬರುವ ನೆಪ ಮಾಡಿ ರಾಣೇಬೆನ್ನೂರಿನ ಬಸ್ಸು ಹತ್ತಿದಳು. ಕರಿಯವ್ವ ಹೊಲಿಗೆ ಮಷಿನ್ನಿನ ಮುಂದೆ ಕುಳಿತು ಯಾರದೋ ಕುಪ್ಪಸ ಹೊಲಿಯುತ್ತಿದ್ದಳು. ತಂಗಿಯ ಮುಖ ನೋಡಿದವಳೇ ಮಷಿನ್ ನಿಲ್ಲಿಸಿದಳು.

"ಏನಾತ ಫಕ್ಕೀ?"

ಫಕ್ಕೀರವ್ವ ಎಲ್ಲ ಹೇಳಿದಳು. ಕೈ ಬೀಸಿದ್ದನ್ನು ಎರಡು ಸಲ ಬೀಸಿ ತೋರಿಸಿದಳು.

"ಸುಧಾ ಹಂಗಂದ್ಲಾ? ಆ ಹುಡಿಗಿ ಅಂಥಾಕಿ ಅಲ್ಲಲ್ಲವಾ."

"ನನ್ನ ಕಿವೀಲೆ ಕೇಳೇನಿ, ಕಣ್ಣೀಲೆ ನೋಡೇನಿ. ನನಗ ಆಸ್ತಿ ಬ್ಯಾಡಕ್ಕಾ. ಮಲಗಾಕ ಒಂದ್ ಕ್ವಾಣಿ ಸಾಕು. ಅಷ್ಟೂ ಇಲ್ಲಂದ್ರ ನಾ ಎಲ್ಲಿ ಹೋಗ್ಲಿ?"

ಕರಿಯವ್ವ ಹೊಲಿಯುತ್ತಿದ್ದ ಕುಪ್ಪಸ ಮಡಿಚಿಟ್ಟಳು. ಆಮೇಲೆ ಅಜ್ಜಪ್ಪನಿಗೆ ಫೋನು ಹಚ್ಚಿ, "ಐತವಾರ ಅವ್ವನ ಮನೀಗೆ ಬಾ. ನಾನೂ ಬರ್ತೇನಿ. ಒಂದೀಟು ಮಾತೈತಿ," ಎಂದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಉಣ್ಣಲು ಕುಳಿತರು. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಸುಧಾರಾಣಿಯನ್ನೂ ಪಂಕ್ತಿಯಲ್ಲಿ ಕೂರಿಸಿದ್ದರು. ಫಕ್ಕೀರವ್ವ ಬಡಿಸುತ್ತಿದ್ದಳು. ಎರಡನೆಯ ರೊಟ್ಟಿ ಮುಗಿಯುವ ಹೊತ್ತಿಗೆ ಅಜ್ಜಪ್ಪ ಗಂಟಲು ಸರಿಮಾಡಿಕೊಂಡ.

"ಸುಧಾರಾಣಿ, ನಮ್ಮನಿ ವಿಭಾಗದ ಮಾತು ನಮ್ಮನ್ಯಾಗ ಇರಬೇಕು. ನಿಮ್ಮಣ್ಣನ ವಕೀಲರ ಮುಂದ ಯಾಕ ಹೋತು?"

"ಯಾವ ವಿಭಾಗರಿ ಭಾವಾರ? ಯಾವ ವಕೀಲರು?"

"ಅರೀದವರಂಗ ಮಾಡಬ್ಯಾಡ," ಎಂದಳು ಕರಿಯವ್ವ. "ಫಕ್ಕೀ ಎಲ್ಲಾ ಕೇಳ್ಯಾಳ. ಹೇಳವಾ ಫಕ್ಕೀ, ಆಕಿ ಮುಂದ ಹೇಳು."

ಫಕ್ಕೀರವ್ವ ರೊಟ್ಟಿಬುಟ್ಟಿ ಹಿಡಿದುಕೊಂಡೇ ನಿಂತಿದ್ದಳು.

"ನಾಲ್ಕ ವಿಭಾಗ ಅಂದಿ. ಒಂದನೇದಕ್ಕ ತಾಳಿ ಅಂದಿ, ಎರಡನೇದಕ್ಕ ತಾಳಿ ಅಂದಿ, ನಾಲ್ಕನೇದಕ್ಕೂ ಐತಿ ಅಂದಿ. ಮೂರನೇದು ಖಾಲಿ ಅಂದು ಕೈ ಬೀಸಿದಿ. ನನಗ ತಾಳಿ ಇಲ್ಲನ್ನೂದು ನನಗ ಗೊತ್ತಿಲ್ಲೇನು ಸುಧಾ? ಅದನ್ನ ಯಾವನೋ ವಕೀಲನ ಮುಂದ ಹೇಳಬೇಕಾಗಿತ್ತಾ?"

ಸುಧಾರಾಣಿಯ ಬಾಯಲ್ಲಿ ತುತ್ತು ಹಾಗೆಯೇ ನಿಂತಿತು. ಮೊದಲು ಏನೂ ಹೊಳೆಯಲಿಲ್ಲ. ಹೊಳೆದದ್ದೇ ತಡ, ನಗು ಉಕ್ಕಿ ಬಂದು ತುತ್ತು ನೆತ್ತಿಗೆ ಹತ್ತಿತು. ಕೆಮ್ಮುತ್ತ ನಗುತ್ತ ತಲೆ ಎತ್ತಿದವಳಿಗೆ ಫಕ್ಕೀರವ್ವನ ಕಣ್ಣು ಕಂಡವು. ನಗು ಅಲ್ಲಿಗೇ ನಿಂತಿತು. ತಟ್ಟೆ ಸರಿಸಿ ಎದ್ದು, ಕೈ ತೊಳೆದುಕೊಂಡು ಬಂದು ಅವಳೆದುರು ಕುಳಿತಳು.

"ಅಕ್ಕಾರ, ಕುಂದ್ರಿ ಇಲ್ಲೆ. ಅದು ತಾಳಿ ಅಲ್ರಿ, ತಾಲಿ. ಚಪ್ಪಾಳಿ ಬಡಿಯೂದಕ್ಕ ತಾಲಿ ಅಂತಾರ. ಇಲ್ಲಿ ನೋಡ್ರಿ, ತೀನ್ ತಾಲ ಅಂತ ಒಂದು ತಾಳ ಐತಿ. ಧಾ ಧಿನ್ ಧಿನ್ ಧಾ, ಇದು ಒಂದನೇ ವಿಭಾಗ, ಇಲ್ಲಿ ಕೈ ತಟ್ಟಬೇಕು. ಧಾ ಧಿನ್ ಧಿನ್ ಧಾ, ಎರಡನೇದು, ತಟ್ಟಬೇಕು. ಧಾ ತಿನ್ ತಿನ್ ತಾ, ಮೂರನೇದು, ಇಲ್ಲಿ ತಟ್ಟಂಗಿಲ್ಲ, ಕೈ ಹಿಂಗ ತೆರದು ಬೀಸಬೇಕು. ಇದನ್ನ ಖಾಲಿ ಅಂತಾರ. ತಾ ಧಿನ್ ಧಿನ್ ಧಾ, ಮತ್ತ ತಟ್ಟಬೇಕು. ಅವತ್ತ ಒಂದ ಕೈಯಾಗ ಫೋನ್ ಇತ್ರಿ. ಎರಡೂ ಕೈ ಖಾಲಿ ಇದ್ದಿದ್ರ ನೀವು ಚಪ್ಪಾಳೀನೂ ಕೇಳ್ತಿದ್ರಿ."

ಮೊದಲು ನಕ್ಕವನು ವಿಜಯಮಹಾಂತೇಶ. ಅವನ ಹಿಂದೆ ಕರಿಯವ್ವ, "ಥೂ ನಿನ್ನ ಫಕ್ಕೀ! ಹೊಲಿಯೂ ಕುಪ್ಪಸ ಬಿಟ್ಟು ಬಸ್ ಹತ್ತಿ ಬಂದೇನಲ್ಲೇ!" ಎಂದು ಹೊಟ್ಟೆ ಹಿಡಿದುಕೊಂಡಳು.

ಅಜ್ಜಪ್ಪನಿಗೆ ಇನ್ನೂ ಅನುಮಾನ. "ಮತ್ತ ವಾದಿ ಅಂದಿಯಂತಲ್ಲ? ಅದು ಕೋರ್ಟಿನ ಮಾತಲ್ಲೇನು?"

"ರಾಗದಾಗ ಎಲ್ಲಾಕಿಂತ ಮುಖ್ಯ ಇರೂ ಸ್ವರಕ್ಕ ವಾದಿ ಅಂತಾರ್ರಿ ಭಾವಾರ. ಅದರ ಜೋಡಿದು ಸಂವಾದಿ."

"ಹಂಗಾರ ಪ್ರತಿವಾದಿ?"

"ಅದು ಇಲ್ಲರಿ. ರಾಗಕ್ಕ ಬ್ಯಾಡಾದ ಸ್ವರಕ್ಕ ವಿವಾದಿ ಅಂತಾರ."

"ಹಂಗಾರ ನಮ್ಮನಿ ವಿವಾದಿ ಅವ್ವ," ಎಂದ ವಿಜಯಮಹಾಂತೇಶ. ಗದಿಗೆವ್ವ ಸೌಟು ಎತ್ತಿದಳು. ನಗು ಇನ್ನಷ್ಟು ಜೋರಾಯಿತು.

ನಗದವಳು ಫಕ್ಕೀರವ್ವ ಒಬ್ಬಳೇ. ಅವಳು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

"ಸುಧಾ," ಎಂದಳು ಮೆಲ್ಲಗೆ, "ಹಂಗಾರ ಆ ಖಾಲಿಗೆ ಏನೂ ಇರೂದಿಲ್ಲೇನು?"

"ಇರ್ತಾವ್ರಿ ಅಕ್ಕಾರ! ಉಳದ ಮೂರಕ್ಕ ನಾಲ್ಕ ನಾಲ್ಕ ಮಾತ್ರೆ, ಅದಕ್ಕೂ ನಾಲ್ಕ. ಒಂದೂ ಕಡಿಮಿ ಇಲ್ಲ."

"ಮಾತ್ರೆ ಅಂದ್ರ ಗುಳಿಗಿ ಏನ?" ಎಂದಳು ಗದಿಗೆವ್ವ.

"ಅಲ್ರಿ ಅತ್ತಿ, ಎಣಿಕಿ. ಒಂದ್, ಎರಡ್, ಮೂರ್, ನಾಕ್."

ಗದಿಗೆವ್ವ ಸೌಟು ಕೆಳಗಿಟ್ಟಳು. ಮಗಳ ಮುಖವನ್ನು ಬಹಳ ದಿನಗಳ ಮೇಲೆ ನೋಡುವವಳಂತೆ ನೋಡಿದಳು.

"ಫಕ್ಕೀ, ನಿನಗೇನೂ ಇಲ್ಲಂತ ನಾ ಯಾವತ್ತರ ಅಂದೇನೇನು?"

"ಐತಿ ಅಂತನೂ ಅಂದಿಲ್ಲಬೇ ಅವ್ವಾ."

ಹೊರಗೆ ಯಾವುದೋ ಮೆಣಸಿನಕಾಯಿ ಲಾರಿ ಹಾರ್ನ್ ಹೊಡೆಯುತ್ತ ಹೋಯಿತು.

"ಹೌದು, ಅಂದಿಲ್ಲ," ಎಂದಳು ಗದಿಗೆವ್ವ. "ಹೇಳೂದೇನೈತಿ, ನಿನಗ ಗೊತ್ತ ಇರ್ತೈತಿ ಅನ್ಕೊಂಡಿದ್ದೆ. ಎಲ್ಲಾರೂ ಕೇಳ್ರಿ ಈಗ. ನಾಲ್ಕ ಅಂದ್ರ ನಾಲ್ಕ, ನಾಲ್ಕೂ ಸರೀಕ ಸರಿ. ಗಿರಣ್ಯಾಗೂ ಅಷ್ಟ, ಮನ್ಯಾಗೂ ಅಷ್ಟ. ಈ ಅಡಗಿಮನಿ, ಇದರ ಬಾಜೂ ಖೋಲಿ ಫಕ್ಕೀ ಹೆಸರಿಗೆ. ಯಾರಿಗರ ತಕರಾರೈತೇನು?"

"ನಂದೇನಿಲ್ಲಬೇ," ಎಂದ ವಿಜಯಮಹಾಂತೇಶ ತಕ್ಷಣ. ಅಜ್ಜಪ್ಪ ಸ್ವಲ್ಪ ತಡೆದ. ಕರಿಯವ್ವ ಅವನನ್ನೇ ದಿಟ್ಟಿಸಿದಳು. "ನಂದೂ ಏನಿಲ್ಲ," ಎಂದು ಅವನೂ ಮೊಸರು ಹಾಕಿಸಿಕೊಂಡ.

ಫಕ್ಕೀರವ್ವ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ಕಣ್ಣು ಕೆಂಪಗಾಗಿತ್ತು. ಕರಿಯವ್ವ ಕೇಳಿದ್ದಕ್ಕೆ "ಖಾರಾ ಹತ್ತಿತು" ಎಂದಳು. ಬ್ಯಾಡಗಿಯಲ್ಲಿ ಅಳುವವರಿಗೆ ನೆಪ ಹುಡುಕುವ ಕಷ್ಟವಿಲ್ಲ. ಸಂಕ್ರಾಂತಿಯಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಎಷ್ಟು ಹಗುರವಾಗಿತ್ತೆಂದರೆ, ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಿದ್ದಳು.

ಮರುದಿನ ಅವಳೇ ಸುಧಾರಾಣಿಯ ಕೈಯಿಂದ ಹಿಟ್ಟಿನ ಡಬ್ಬಿ ಕಿತ್ತುಕೊಂಡಳು.

"ಹೋಗ್ ನಿನ್ನ ಕ್ಲಾಸಿಗೆ. ಆದ್ರ ಒಂದು ಕೇಳ್ಕೊಂಡು ಬಾ. ಮೂರನೇದಕ್ಕ ಯಾಕ ಕೈ ಬೀಸ್ತಾರ? ನಾಲ್ಕಕ್ಕೂ ತಟ್ಟಿದ್ರ ಏನಾಕ್ಕಿತ್ತು?"

ಸುಧಾರಾಣಿ ಮೆಟ್ಟಿಲ ಬಳಿಯೇ ನಿಂತಳು. "ನನಗೂ ಗೊತ್ತಿಲ್ರಿ ಅಕ್ಕಾರ. ಬರೇ ಬಾಯಿಪಾಠ ಮಾಡೇನಿ. ಈಗ ನೀವು ಕೇಳಿದ್ರಲ್ಲ, ಅದಕ್ಕ ಹೋದ ಸಲ ನಾ ಫೇಲಾದೆ ಅಂತ ಗೊತ್ತಾತು."

ಆವತ್ತು ಕೆಮ್ಮುತ್ತಲೇ ಸರ್ ಅವರನ್ನು ಕೇಳಿದಳು. ಕೆಳಗೆ ಬಂದು ಹೇಳಿದಳು: "ಅಲ್ಲಿ ತಬಲಾದ ಎಡಗೈ ಸುಮ್ಮನಾಗ್ತೈತಂತ್ರಿ. ಎಲ್ಲಾ ಕಡೆ ತಟ್ಟಿದ್ರ ಹಾಡಾವರಿಗೆ ತಾವೆಲ್ಲಿ ಅದೇವಿ ಅಂತ ತಿಳಿಯೂದಿಲ್ಲ. ಖಾಲಿ ಬಂತಂದ್ರ ತಿರುಗಿ ತಾಳ ಶುರುವಾದ ಜಾಗಾ, ಅಂದ್ರ ಮನಿ, ಹತ್ರ ಬಂತು ಅಂತ ಗುರ್ತಂತ. ಇನ್ನೊಂದು ಹೇಳಿದ್ರು. ವೈರ್ ಸಿಗಸ್ಕೊಂಡು ಸುಮ್ನ ಕೇಳಿದ್ರ ಉಪಯೋಗಿಲ್ಲ, ಇವತ್ತಿನ ಪಾಠ ಇವತ್ತ ಮನ್ಯಾಗ ಗೊತ್ತಿಲ್ದವರಿಗೆ ಹೇಳ್ರಿ, ಅವರು ಕೇಳಿದ್ದನ್ನ ನನ್ನ ಕೇಳ್ರಿ ಅಂದ್ರು."

"ಗೊತ್ತಿಲ್ದಾಕಿ ಅಂದ್ರ ನಾನ," ಎಂದಳು ಫಕ್ಕೀರವ್ವ. ಅದರಲ್ಲಿ ಬೇಸರವೇನೂ ಇರಲಿಲ್ಲ.

ವಿಜಯಮಹಾಂತೇಶ ಒಂದು ದಿನ ಗಿರಣಿಯ ಕೆಲಸ ಬಿಟ್ಟು ಬಂದು ಮನೆಯೊಳಗೇ ವೈಫೈ ಹಾಕಿಸಿದ. ಕ್ಲಾಸು ಅಡುಗೆಮನೆಗೆ ಇಳಿಯಿತು. ವೈರು ಪೆಟ್ಟಿಗೆ ಸೇರಿತು. ಫೋನು ಉಪ್ಪಿನ ಭರಣಿಗೆ ಒರಗಿ ನಿಂತಿತು. ಸುಧಾರಾಣಿ ತರಕಾರಿ ಹೆಚ್ಚುತ್ತ ಗಟ್ಟಿಯಾಗಿ ಉತ್ತರ ಹೇಳುವಳು, ತಿಳಿಯದಿದ್ದರೆ ಅಲ್ಲಿಯೇ ತಡೆದು ಕೇಳುವಳು. ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುತ್ತ ಫಕ್ಕೀರವ್ವ ಪಾಠ ಒಪ್ಪಿಸಿಕೊಳ್ಳುವಳು. ಒಮ್ಮೆ ಅತ್ತ ಕಡೆಯಿಂದ ತೌಹೀದ ಸರ್, "ಯಾರ್ರೀ ಅಲ್ಲೆ, ತಬಲಾ ಬಾರಿಸಾಕತ್ತಾರ?" ಎಂದರು.

"ನಮ್ಮ ಅಕ್ಕಾರ್ರಿ ಸರ್. ರೊಟ್ಟಿ ಬಡ್ಯಾಕತ್ತಾರ."

"ಲಯಾ ತಪ್ಪಾಕತ್ತೈತಿ ಅಂತ ಹೇಳ್ರಿ."

"ರೊಟ್ಟಿ ಹರೀಬಾರದು, ಅಷ್ಟ ನೋಡ್ರಿ ನನಗ!" ಎಂದಳು ಫಕ್ಕೀರವ್ವ ಫೋನಿಗೆ ಕೇಳುವಂತೆ. ಆ ಕಡೆ ಸರ್ ನಕ್ಕರು, ಕ್ಲಾಸಿನವರೆಲ್ಲ ನಕ್ಕರು.

ಪರೀಕ್ಷೆ ಹಾವೇರಿಯಲ್ಲಿ. ಬುತ್ತಿ ಕಟ್ಟಿಕೊಂಡು ಫಕ್ಕೀರವ್ವನೂ ಜೊತೆಗೆ ಹೋದಳು. ಗಿಡದ ನೆರಳಲ್ಲಿ ಕಾಯುತ್ತ ಕುಳಿತವಳು ತನ್ನದೇ ಪರೀಕ್ಷೆಯೇನೋ ಎಂಬಂತೆ ಬೆರಳಲ್ಲಿ ಮಾತ್ರೆ ಎಣಿಸುತ್ತಿದ್ದಳು. ಸುಧಾರಾಣಿ ಹೊರಗೆ ಬಂದವಳೇ ಹೇಳಿದಳು: "ಬರ್ಯಾಕತ್ತಿದ್ರ ನೀವು ಕೇಳಿದ್ದೆಲ್ಲಾ ನೆನಪಾಗಾಕತ್ತಿತ್ರಿ. ನಿಮಗ ಹೇಳಿದಂಗ ಬರದು ಬಂದೇನಿ."

ಫಲಿತಾಂಶ ಬಂದ ದಿನ ಸುಧಾರಾಣಿ ಫೋನು ಹಿಡಿದು ಓಡಿ ಬಂದು ಅಡುಗೆಮನೆಯಲ್ಲೇ ಫಕ್ಕೀರವ್ವನನ್ನು ತಬ್ಬಿಕೊಂಡಳು. ಶಾಸ್ತ್ರದಲ್ಲಿ ಪಾಸು, ಅದೂ ಒಳ್ಳೆಯ ಅಂಕದಲ್ಲಿ. ಗದಿಗೆವ್ವ ಹೋಳಿಗೆ ಮಾಡಿಸಿದಳು. ಕರಿಯವ್ವ, ಅಜ್ಜಪ್ಪ ಎಲ್ಲರೂ ಬಂದರು. ಆವತ್ತು ಬಡಿಸಲು ಗದಿಗೆವ್ವನೇ ನಿಂತಳು.

"ಒಂದನೇದಕ್ಕ ತಾಲಿ," ಎಂದು ಕರಿಯವ್ವನ ತಟ್ಟೆಗೆ ಹೋಳಿಗೆ ಹಾಕಿದಳು. "ಎರಡನೇದಕ್ಕ ತಾಲಿ," ಎಂದು ಅಜ್ಜಪ್ಪನ ತಟ್ಟೆಗೆ. ಮೂರನೆಯ ಜಾಗಕ್ಕೆ ಬಂದು ಎಲ್ಲರ ಮುಖ ನೋಡಿ, "ಮೂರನೇದು ಖಾಲಿ," ಎಂದು ತಮಾಷೆಗೆ ಕೈ ಬೀಸಿದಳು.

ಪಂಕ್ತಿಯಲ್ಲಿ ಅಣ್ಣ ತಮ್ಮಂದಿರ ನಡುವೆ ಕುಳಿತಿದ್ದ ಫಕ್ಕೀರವ್ವ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಾಯಿಯ ಮುಂದೆ ಹಿಡಿದಳು.

"ಖಾಲಿ ಇದ್ರೂ ನಾಲ್ಕ ಮಾತ್ರೆ ಅದಾವಬೇ ಅವ್ವಾ. ಹಾಕು."